ಮಾರಯ್ಯನವರ ಗುಡಿಸಲಿಗೆ ಬಂದ ಹೊನ್ನು



ಗುಡ್ಡ ಹತ್ತಿ ದಣಿದು ಬಂದೀರಿ. ಮೊದಲು ನೆರಳಿಗೆ ಕೂಡ್ರಿ, ನೀರು ಕುಡೀರಿ, ಆಮೇಲೆ ಓದಿರಿ. ನಾನು ಸ್ವಾಮಿಗಳಲ್ಲ, ಪಂಡಿತನೂ ಅಲ್ಲ. ಪಿ.ಯು.ಸಿ. ಓದಿ ಈ ದೇವಸ್ಥಾನದ ಆಫೀಸಿನಲ್ಲಿ ರಸೀದಿ ಬರೆಯುವ ಗುಮಾಸ್ತ. ಅಭಿಷೇಕದ ರಸೀದಿ ಹರಿದು ಕೊಡುವಷ್ಟರಲ್ಲಿಯೇ ಜನ ಹೊಟ್ಟೆಯೊಳಗಿನದನ್ನು ಹೇಳಿಬಿಡುತ್ತಾರೆ. "ಆ ವರ್ಷ ಹೊಲ ಮಾರಬಾರದಿತ್ರೀ" ಅಂತಾರೆ ಒಬ್ಬರು. "ಮಗಳನ್ನ ಆ ಮನಿಗೆ ಕೊಟ್ಟು ತಪ್ಪು ಮಾಡಿದೆ ತಮ್ಮಾ" ಅಂತ ಒಬ್ಬ ತಾಯಿ ಅಳುತ್ತಾಳೆ. ಆಗಿದ್ದು ಆಗದೇ ಇದ್ದಂಗ ಮಾಡು ದೇವರೇ ಎನ್ನುವುದು ಎಲ್ಲರ ಬೇಡಿಕೆ. ನಮ್ಮ ಸೇವಾ ಪಟ್ಟಿಯಲ್ಲಿ ಆ ಸೇವೆಗೆ ದರ ಬರೆದಿಲ್ಲ.

ಇಂಥವರಿಗೆ ನಾನು ಮೋಳಿಗೆಯ ಮಾರಯ್ಯನವರ ಕಥೆ ಹೇಳುತ್ತೇನೆ. ಹುಮನಾಬಾದ ತಾಲೂಕಿನ ಮೋಳಕೇರಾದ ಜನ ಆ ಶರಣರು ತಮ್ಮಲ್ಲೇ ಇದ್ದರೆಂದು ನಂಬಿ ನಡೆದುಕೊಳ್ಳುತ್ತಾರೆ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. 12ನೇ ಶತಮಾನದಲ್ಲಿ ಅವರು ಕಾಶ್ಮೀರದ ಅರಸುತನ ಬಿಟ್ಟು ಹೆಂಡತಿಯೊಡನೆ ಕಲ್ಯಾಣಕ್ಕೆ ಬಂದರೆಂದು ಪುರಾಣಗಳು ಹೇಳುತ್ತವೆ. ಅಡವಿಗೆ ಹೋಗಿ ಕಟ್ಟಿಗೆ ಕಡಿಯುವುದು, ಹೊತ್ತು ಮಾರುವುದು, ಬಂದದ್ದರಲ್ಲಿ ಜಂಗಮರಿಗೆ ನೀಡಿ ತಾವು ಉಣ್ಣುವುದು. ಇಷ್ಟೇ ಅವರ ಸಂಸಾರ.

ಒಂದು ದಿನ ಮಾರಯ್ಯನವರು ಅಡವಿಗೆ ಹೋದಾಗ ಬಸವಣ್ಣನವರು ವೇಷ ಮರೆಸಿಕೊಂಡು ಆ ಮನೆಗೆ ಬಂದರು. ಶರಣೆ ಮಹಾದೇವಿಯಮ್ಮ ಅಂಬಲಿ ನೀಡಿದರು. ಕುಡಿದರು. ಅರಸನಾಗಿದ್ದವನ ಮನೆಯ ಬಡತನ ನೋಡಿ ಅಣ್ಣನವರ ಕರುಳು ಚುರ್ ಎಂದಿರಬೇಕು. ಹೋಗುವಾಗ ಯಾರಿಗೂ ತಿಳಿಯದಂತೆ ಹೊನ್ನಿನ ಗಂಟು ಇಟ್ಟು ಹೋದರು.

ಸಂಜೆ ಮಾರಯ್ಯನವರು ಬಂದು ನೋಡಿದರು. ಇದು ಯಾರ ಕೆಲಸವೆಂದು ತಿಳಿಯಿತು. ಸಂತೋಷಪಡಲಿಲ್ಲ, ನೊಂದುಕೊಂಡರು. ದುಡಿಯದ ಹೊನ್ನು ನನಗೇಕೆ, ನನ್ನ ಕಾಯಕ ಬಸವಣ್ಣನ ಕಣ್ಣಿಗೆ ಬಡತನವಾಗಿ ಕಂಡಿತೇ ಎಂದು. ಅಷ್ಟೂ ಹೊನ್ನನ್ನು ಜಂಗಮರಿಗೆ ಕೊಟ್ಟುಬಿಟ್ಟರು. ಪಾದೋದಕ ಚಿಮುಕಿಸಿದಾಗ ಕಟ್ಟಿಗೆಯೇ ಹೊನ್ನಾಯಿತೆಂದೂ ಕಥೆಯಲ್ಲಿದೆ. ಜನ ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ನನಗೆ ಅದರ ಮುಂದಿನ ಮಾತು ದೊಡ್ಡದೆನಿಸುತ್ತದೆ.

ಸುದ್ದಿ ಬಸವಣ್ಣನವರಿಗೆ ಮುಟ್ಟಿತು. ಅವರು ಆಗ ಬಿಜ್ಜಳರಾಯನ ಭಂಡಾರಿ. ಹೇಳಬೇಕೆಂದರೆ ನೆವ ಬೇಕಾದಷ್ಟಿದ್ದವು. ಒಳ್ಳೆಯದಕ್ಕೇ ಮಾಡಿದೆ, ಬಡವನಿಗೆ ಕೊಟ್ಟರೆ ತಪ್ಪೇನು ಅನ್ನಬಹುದಿತ್ತು. ಅನ್ನಲಿಲ್ಲ. ಗುಡಿಸಲಿಗೇ ನಡೆದು ಬಂದು ತಪ್ಪಾಯಿತೆಂದು ಒಪ್ಪಿಕೊಂಡರು.

ಭಕ್ತರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ನಾವು ಯಾರ 108 ಅಡಿಯ ಮೂರ್ತಿಯನ್ನು 2012ರಿಂದ ಬಸವಕಲ್ಯಾಣದಲ್ಲಿ ತಲೆಯೆತ್ತಿ ನೋಡುತ್ತೇವೆಯೋ, ಅವರೇ ಕಟ್ಟಿಗೆ ಮಾರುವವನ ಬಾಗಿಲಲ್ಲಿ ತಲೆ ಬಾಗಿಸಿ ನಿಂತ ಕಥೆ ಇದು. ಅವರು ದ್ವೇಷದಿಂದ ತಪ್ಪಿದ್ದಲ್ಲ, ಪ್ರೀತಿಯಿಂದಲೇ ತಪ್ಪಿದ್ದು. ಮಗಳನ್ನು ಕೊಟ್ಟ ಆ ತಾಯಿಯ ತಪ್ಪೂ ಅಂಥದ್ದೇ ಅಲ್ಲವೇ? ಚಲೋ ಆಗಲಿ ಅಂತಲೇ ಕೊಟ್ಟಿದ್ದು. ಆದರೂ ತಪ್ಪು ತಪ್ಪೇ. ಈಗ ಹೋಗಿ ಮಗಳ ಮುಂದೆ "ನಾನು ಸರಿಯಾಗಿ ವಿಚಾರಿಸಲಿಲ್ಲವ್ವಾ" ಎಂದು ಹೇಳಬಹುದು, ಮಗಳ ಕಷ್ಟಕ್ಕೆ ಹೆಗಲು ಕೊಡಬಹುದು. ಅದು ಬಿಟ್ಟು ಹಣೆಬರಹವನ್ನು ಬೈದರೆ ಮಗಳಿಗೇನು ಬಂತು?

ಮಾರಯ್ಯನವರೂ ಬಾಗಿಲು ಹಾಕಿಕೊಳ್ಳಲಿಲ್ಲ. ಅದಕ್ಕೂ ದೊಡ್ಡ ಮನಸ್ಸು ಬೇಕು.

ಅವರಿಂದಲೂ ಒಂದು ತಪ್ಪಾಯಿತು. ಕೊನೆಗೆ ಅವರಿಗೆ ಇನ್ನು ಸಾಕು, ಕೈಲಾಸಕ್ಕೆ ಹೋಗಬೇಕು ಎನಿಸಿತು. ಆಗ ಮಹಾದೇವಿಯಮ್ಮ ಬಿಡಿಸಿ ಕೇಳಿದರು: ಮಾಡುವ ಕಾಯಕ, ನಿಂತ ನೆಲ ಬಿಟ್ಟು ಇನ್ನೆಲ್ಲಿದೆ ಕೈಲಾಸ? ಶೂನ್ಯಸಂಪಾದನೆಯಲ್ಲಿ ಗಂಡಹೆಂಡಿರ ಈ ಸಂವಾದವಿದೆ. ಮಾರಯ್ಯನವರ ಅಂಕಿತ ನಿಃಕಳಂಕ ಮಲ್ಲಿಕಾರ್ಜುನ. ಆ ತಾಯಿಯ ಅಂಕಿತದೊಳಗೂ ಅದೇ ಹೆಸರಿದೆ. ಅಷ್ಟು ಗೌರವ ಇಟ್ಟುಕೊಂಡೇ ಗಂಡನನ್ನು ತಿದ್ದಿದರು. ಅವರು ತಿದ್ದಿಸಿಕೊಂಡರು. ನಮ್ಮ ಮನೆಗಳಲ್ಲಿ ಹೆಂಡತಿ ಇಷ್ಟು ಅಂದರೆ ಎರಡು ದಿನ ಊಟ ಬಿಡುವವರಿದ್ದೇವೆ, ನಾನೂ ಸೇರಿ.

ಇಷ್ಟು ದೊಡ್ಡ ಶರಣರಿದ್ದರೂ ಕಲ್ಯಾಣ ಯಾಕೆ ಉಳಿಯಲಿಲ್ಲ ಎಂದು ಕೆಲವರು ಕೇಳುತ್ತಾರೆ. ಉಳಿಯಲಿಲ್ಲ, ನಿಜ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ನಂತರ ರಕ್ತ ಹರಿಯಿತು. ಬಸವಣ್ಣನವರು ಸಂಗಮಕ್ಕೆ, ಚೆನ್ನಬಸವಣ್ಣನವರು ಉಳವಿಗೆ ಹೋದರು. ನಾವು ಇದನ್ನು ಮುಚ್ಚಿಟ್ಟು ಬರೀ ವೈಭವ ಹೇಳಬಾರದು. ಕೆಟ್ಟು ಹೋದದ್ದನ್ನು ಹೊತ್ತುಕೊಂಡೇ ಅವರು ನಡೆದರು, ವಚನದ ಕಟ್ಟುಗಳೂ ಜೊತೆಗೇ ನಡೆದವು.

ಕೊನೆಗೆ ನನ್ನದೊಂದು. ಸುಮಾರು ಹನ್ನೆರಡು ವರ್ಷದ ಹಿಂದೆ ಒಬ್ಬ ಅಜ್ಜಿಗೆ ಅಮಾವಾಸ್ಯೆಯ ಅಭಿಷೇಕದ ರಸೀದಿ ಕೊಟ್ಟೆ, ವಹಿಯಲ್ಲಿ ಮಾತ್ರ ಹುಣ್ಣಿಮೆ ಎಂದು ಬರೆದಿದ್ದೆ. ಅಮಾವಾಸ್ಯೆಯ ದಿನ ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಬದಲಿಸಿ, ತೀರಿಹೋದ ಮಗನ ಹೆಸರಿನ ಪೂಜೆಗೆ ಅಜ್ಜಿ ಬಂದಳು. ಪೂಜೆಯ ಪಟ್ಟಿಯಲ್ಲಿ ಹೆಸರಿಲ್ಲ. ಹಿಂದೆ ಸಾಲು ನಿಂತಿತ್ತು. ರಸೀದಿ ಕೈಯಲ್ಲಿ ಹಿಡಿದು ನೋಡಿದೆ, ತಪ್ಪು ನನ್ನದೆಂದು ಗೊತ್ತಾಯಿತು. ಆದರೂ "ನೀನೇ ಹುಣ್ಣಿಮಿ ಅಂದಿದ್ದೆವ್ವಾ" ಅಂದುಬಿಟ್ಟೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. "ಇರಬಹುದು ತಮ್ಮಾ, ವಯಸ್ಸಾತು, ನಾನೇ ತಪ್ಪಿ ಹೇಳಿರಬೇಕು" ಎಂದು ಕೈಮುಗಿದು ಇಳಿದು ಹೋದಳು. ಸಾಲು ಮುಗಿಸಿ ಮೆಟ್ಟಿಲ ತನಕ ಓಡಿದೆ. ಬಸ್ಸು ಹೋಗಿತ್ತು. ಆ ಹುಣ್ಣಿಮೆಗೆ ಬರಲಿಲ್ಲ, ಮುಂದೆಯೂ ಬರಲಿಲ್ಲ. ವಹಿಯಲ್ಲಿ ಮಗನ ಹೆಸರಷ್ಟೇ ಇದೆ, ಊರು ಬರೆದುಕೊಂಡಿರಲಿಲ್ಲ. ಪ್ರತಿ ವರ್ಷ ಒಂದು ಅಮಾವಾಸ್ಯೆ ನನ್ನ ದುಡ್ಡಿನಲ್ಲಿ ಆ ಹೆಸರಿಗೆ ಅಭಿಷೇಕ ಮಾಡಿಸುತ್ತೇನೆ. ಅಜ್ಜಿಗೆ ಹೇಳಬೇಕಾದ ಮಾತು ಅದರಿಂದ ಹೇಳಿದಂತಾಗುವುದಿಲ್ಲ, ಗೊತ್ತಿದೆ.

ಅಂದಿನಿಂದ ರಸೀದಿಯನ್ನು ಗಟ್ಟಿಯಾಗಿ ಓದಿ ಹೇಳಿಯೇ ಕೊಡುತ್ತೇನೆ. ಗದ್ದಲವಿದ್ದರೂ ಅಷ್ಟು ಹೊತ್ತು ಕಿಟಕಿಯ ಹತ್ತಿರ ದಯಮಾಡಿ ನಿಲ್ಲಿರಿ. ತಿಥಿ, ಹೆಸರು ತಪ್ಪಿದ್ದರೆ ಅಲ್ಲೇ ಹೇಳಿರಿ. ಗೆರೆ ಹೊಡೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿಕೊಡುತ್ತೇನೆ.