‘ಹಾಗೆಲ್ಲ ಯೋಚಿಸಬೇಡ’ ಎನ್ನುವ ಮುನ್ನ

ಕಳೆದ ವರ್ಷ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ದರ್ಶನಾರ್ಥವಾಗಿ ಹೋಗಿದ್ದಾಗ, ಪಂಚಕೂಟ ಬಸದಿಯ ಅಂಗಳದಲ್ಲಿ ಪರಿಚಿತ ಶ್ರಾವಿಕೆಯೊಬ್ಬರು ಎದುರಾದರು. ಕುಶಲ ಪ್ರಶ್ನೆಗಳು ಮುಗಿದ ಮೇಲೆ, ಸ್ವಲ್ಪ ಸಂಕೋಚದಿಂದ ಹೀಗೆಂದರು: “ಮೇಷ್ಟ್ರೇ, ನಮ್ಮ ಹುಡುಗೀಗೆ ಡಾಕ್ಟರು ಒಂದು ನೋಟ್‌ಬುಕ್ ಬರೀಲಿಕ್ಕೆ ಹೇಳಿದಾರೆ. ಮನಸ್ಸಿಗೆ ಬಂದದ್ದನ್ನೆಲ್ಲ ಅದರಲ್ಲಿ ಬರೀಬೇಕಂತೆ. ಬರೆದರೆ ಕಾಯಿಲೆ ವಾಸಿಯಾಗುತ್ತದೆಯೆ? ಇದು ನಮ್ಮ ಕರ್ಮ ಅಂತ ಸುಮ್ಮನಿದ್ದುಬಿಡೋದೇ ಮೇಲಲ್ಲವೆ?”

ಆ ಹುಡುಗಿ ನಾನು ನಿವೃತ್ತನಾಗುವ ವರ್ಷ ನನ್ನ ತರಗತಿಯಲ್ಲಿದ್ದವಳು. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಒಳ್ಳೆಯ ಅಂಕ ಪಡೆದು, ಎಲ್ಲರ ಆಸೆಯಂತೆ ಪಿ.ಯು.ಸಿ.ಯಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಿದ್ದಳು. ಕೆಲವು ತಿಂಗಳಲ್ಲಿ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದಳು. ಆಗ ಒಮ್ಮೆ ಅವರ ಮನೆಗೆ ಹೋಗಿದ್ದ ನನ್ನ ಮುಂದೆ ಅವಳು ಹೇಳಿದ್ದು ಇಷ್ಟೇ: “ನನ್ನ ಕೈಲಿ ಆಗಲ್ಲ ಸಾರ್, ನಾನು ಯಾವುದಕ್ಕೂ ಪ್ರಯೋಜನ ಇಲ್ಲ.” ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಆದರೂ ನನ್ನ ಬಾಯಿಂದ ಬಂದ ಮಾತು, “ಛೆ, ಹಾಗೆಲ್ಲ ಯೋಚಿಸಬೇಡ. ನಿನಗೇನು ಕಡಿಮೆ?” ಎಂಬುದು. ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಮತ್ತೆ ನಾಲ್ಕು ತಿಂಗಳು ಅವಳು ಯಾರಲ್ಲಿಯೂ ಬಾಯಿ ಬಿಡಲಿಲ್ಲವೆಂದು ಆಮೇಲೆ ತಿಳಿಯಿತು. ಒಳ್ಳೆಯ ಮಾತೆಂದು ನಾನಾಡಿದ್ದು ಅವಳಿಗೆ ಬಾಗಿಲು ಮುಚ್ಚಿದ ಸದ್ದಿನಂತೆ ಕೇಳಿಸಿರಬೇಕು. ವಚನದಿಂದಾಗುವ ಹಿಂಸೆಯೆಂದರೆ ಬೈಗುಳ, ಶಾಪಗಳಷ್ಟೇ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ತಾಯಿ ಕೇಳಿದ ಪ್ರಶ್ನೆಗೆ ಅಂದು ನಾನು ಸರಿಯಾಗಿ ಉತ್ತರಿಸಲಾರದೆ ಹೋದೆ. ಆಮೇಲೆ ತಿಳಿದವರನ್ನು ಕೇಳಿ, ಓದಿ, ಅರಿತುಕೊಂಡಷ್ಟನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಈ ಚಿಕಿತ್ಸೆಗೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂದು ಹೆಸರು. ಕನ್ನಡದಲ್ಲಿ ಅರಿವಿನ ವರ್ತನಾ ಚಿಕಿತ್ಸೆ ಎನ್ನುವುದುಂಟು; ಆಸ್ಪತ್ರೆಗಳಲ್ಲಿ ಸಿ.ಬಿ.ಟಿ. ಎಂದೇ ರೂಢಿ. ಇದರ ಪ್ರವರ್ತಕರಲ್ಲಿ ಮುಖ್ಯರಾದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆರನ್ ಬೆಕ್. ಮನೋವಿಶ್ಲೇಷಣೆಯಲ್ಲಿ ತರಬೇತಾದ ಅವರು, ಖಿನ್ನತೆಯೆಂದರೆ ತನ್ನ ಮೇಲೆಯೇ ತಿರುಗಿದ ಕೋಪವೆಂಬ ಅಂದಿನ ಸಿದ್ಧಾಂತವನ್ನು ದೃಢಪಡಿಸಲು ಹೊರಟಿದ್ದರು. ದೊರೆತ ಸಾಕ್ಷ್ಯ ಅದಕ್ಕೆ ಹೊಂದಲಿಲ್ಲ. ರೋಗಿಗಳಲ್ಲಿ ಅವರು ಕಂಡದ್ದು ತನ್ನ ಬಗ್ಗೆ, ಲೋಕದ ಬಗ್ಗೆ, ಮುಂದಿನ ದಿನಗಳ ಬಗ್ಗೆ ತಾನಾಗಿಯೇ ಥಟ್ಟನೆ ಹೊಳೆಯುವ ಕಹಿ ಯೋಚನೆಗಳನ್ನು. ಆ ಯೋಚನೆಗಳನ್ನು ಸ್ವಲ್ಪವೂ ಪರೀಕ್ಷಿಸದೆ ನಂಬುವ ಅಭ್ಯಾಸವನ್ನು. ಆಗ ಬೆಕ್ ಸಾಕ್ಷ್ಯವನ್ನು ಉಳಿಸಿಕೊಂಡು ಸಿದ್ಧಾಂತವನ್ನು ಬಿಟ್ಟರು. 1960ರ ದಶಕದಲ್ಲಿ ಹೀಗೆ ರೂಪುಗೊಂಡ ಪದ್ಧತಿಯನ್ನು ಅವರು 2021ರಲ್ಲಿ ನೂರನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ತಿದ್ದುತ್ತಲೇ ಇದ್ದರು.

ನೋಟ್‌ಬುಕ್ಕಿನ ವಿಷಯಕ್ಕೆ ಬರೋಣ. ಆ ಹುಡುಗಿಯೇ ನನಗೆ ಹೇಳಿ, ಬರೆಯಲು ಒಪ್ಪಿದಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಒಂದು ದಿನ ತರಗತಿಯಲ್ಲಿ ಭೌತಶಾಸ್ತ್ರದ ಪಾಠವನ್ನು ಇಂಗ್ಲಿಷಿನಲ್ಲಿ ಓದುವಾಗ ಒಂದು ಪದದ ಉಚ್ಚಾರಣೆ ತಪ್ಪಿತು. ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು. ಪುಟದ ಮೊದಲ ಅಂಕಣದಲ್ಲಿ ಈ ಸಂದರ್ಭವನ್ನು ಬರೆಯಬೇಕು. ಎರಡನೆಯದರಲ್ಲಿ ಆ ಕ್ಷಣ ಹೊಳೆದ ಯೋಚನೆ: ‘ಎಲ್ಲರಿಗೂ ನಾನು ದಡ್ಡಿ ಅಂತ ಗೊತ್ತಾಯಿತು.’ ಮೂರನೆಯದರಲ್ಲಿ ಉಂಟಾದ ಭಾವನೆ, ಅದರ ತೀವ್ರತೆ ನೂರಕ್ಕೆ ಎಷ್ಟು ಎಂಬುದು. ಅವಳು ನಾಚಿಕೆ ತೊಂಬತ್ತು ಎಂದು ಬರೆದಿದ್ದಳಂತೆ. ಅನಂತರ ಈ ಯೋಚನೆಯ ಪರವಾದ ಸಾಕ್ಷ್ಯವೇನು, ವಿರುದ್ಧವಾದುದೇನು? ನಕ್ಕವರು ಇಬ್ಬರೋ ಮೂವರೋ. ತರಗತಿಯಲ್ಲಿದ್ದವರು ಎಂಬತ್ತು ಮಂದಿ. ಅದೇ ವಾರ ಇಬ್ಬರು ಗೆಳತಿಯರು ಇವಳ ಗಣಿತದ ನೋಟ್ಸ್ ಕೇಳಿ ಪಡೆದಿದ್ದರು. ಇದನ್ನೆಲ್ಲ ಎದುರಿಗಿಟ್ಟುಕೊಂಡು ಕೊನೆಗೆ ಅವಳು ಬರೆದ ವಾಕ್ಯ: ‘ನನಗೆ ಇಂಗ್ಲಿಷ್ ಓದುವುದು ಈಗ ಕಷ್ಟ. ಕೆಲವರು ನಕ್ಕರು. ಗಣಿತ ಬರುತ್ತದೆ.’ ನಾಚಿಕೆ ತೊಂಬತ್ತರಿಂದ ಅರವತ್ತಕ್ಕೆ ಇಳಿದಿತ್ತಂತೆ. ಸೊನ್ನೆಗೆ ಇಳಿಯಲಿಲ್ಲ, ಇಳಿಯಬೇಕೆಂದು ಯಾರೂ ಹೇಳಿಯೂ ಇರಲಿಲ್ಲ.

ಇದಿಷ್ಟೇ ಆಗಿದ್ದರೆ ಬರಿಯ ಲೇಖನಾಭ್ಯಾಸವಾಗುತ್ತಿತ್ತು. ಚಿಕಿತ್ಸೆಯ ಇನ್ನರ್ಧ ವರ್ತನೆಗೆ ಸಂಬಂಧಿಸಿದುದು. ಭಯಪಟ್ಟು ಕಾಲೇಜಿಗೆ ಹೋಗದೆ ಉಳಿದ ದಿನ ಮನಸ್ಸಿಗೆ ಒಂದು ನಿರಾಳವಾಗುತ್ತದೆ. ಆ ನಿರಾಳವೇ ಮೋಸ. ‘ಹೋಗದಿದ್ದುದರಿಂದ ಬದುಕಿದೆ’ ಎಂದು ಮನಸ್ಸು ಕಲಿಯುತ್ತದೆ, ಮರುದಿನದ ಭಯ ಇಮ್ಮಡಿಯಾಗುತ್ತದೆ. ಆದುದರಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ: ಒಂದು ವಾರ ಬಸ್ ನಿಲ್ದಾಣದವರೆಗೆ, ಮುಂದಿನ ವಾರ ಗ್ರಂಥಾಲಯದವರೆಗೆ, ಅನಂತರ ಒಂದೇ ಒಂದು ಪೀರಿಯಡ್ಡು. ಖಿನ್ನತೆಯಲ್ಲಿ ಮುದುಡಿದ ಮಗುವಿಗೆ ‘ಮನಸ್ಸು ಸರಿಹೋದ ಮೇಲೆ ಕೆಲಸ ಮಾಡು’ ಎನ್ನುವುದಿಲ್ಲ. ಸಣ್ಣ ಕೆಲಸವೊಂದನ್ನು ಮೊದಲು ಮಾಡಿಸುತ್ತಾರೆ, ಮನಸ್ಸು ಹಿಂದೆ ಬರುತ್ತದೆ. ಸಾಮಾನ್ಯವಾಗಿ ವಾರಕ್ಕೊಂದರಂತೆ ಹನ್ನೆರಡರಿಂದ ಹದಿನಾರು ಭೇಟಿಗಳು, ನಡುವೆ ಮನೆಗೆಲಸ.

ನಮ್ಮ ವಿದ್ಯಾರ್ಥಿನಿಲಯದ ಸಮಿತಿಯಲ್ಲಿ ಈ ವಿಷಯ ಪ್ರಸ್ತಾಪಿಸಿದಾಗ ಹಿರಿಯ ಸದಸ್ಯರೊಬ್ಬರು ಕೇಳಿದ ಪ್ರಶ್ನೆ ಗಂಭೀರವಾದುದು: “ಇದು ಮನಸ್ಸಿಗೆ ಸುಳ್ಳು ಹೇಳಿಸುವ ವಿದ್ಯೆಯಲ್ಲವೆ? ದುಃಖವಿದ್ದರೂ ಇಲ್ಲವೆನ್ನುವುದು ಸತ್ಯವ್ರತಕ್ಕೆ ಭಂಗವಲ್ಲವೆ?” ‘ನಾನು ಜಾಣೆ, ನಾನು ಗೆಲ್ಲುತ್ತೇನೆ’ ಎಂದು ಕನ್ನಡಿಯ ಮುಂದೆ ನಿಂತು ನೂರು ಸಲ ಹೇಳಿಸುವ ಪದ್ಧತಿಯಾಗಿದ್ದರೆ ಅವರ ಆಕ್ಷೇಪ ನ್ಯಾಯವಾಗಿರುತ್ತಿತ್ತು. ಇಲ್ಲಿ ಹಾಗಿಲ್ಲ. ‘ನಾನು ದಡ್ಡಿ’ ಎಂಬ ವಾಕ್ಯವನ್ನೇ ನೋಡಿರಿ. ಯಾವ ವಿಷಯದಲ್ಲಿ, ಯಾವ ಕಾಲದಲ್ಲಿ, ಯಾರ ದೃಷ್ಟಿಯಿಂದ ಎಂಬುದೊಂದೂ ಅದರಲ್ಲಿಲ್ಲ. ‘ಸ್ಯಾತ್’ ಎಂಬ ಪದವನ್ನು ಕಿತ್ತೊಗೆದ ಏಕಾಂತವಾಕ್ಯವದು. ಅದಕ್ಕೆ ಅಪೇಕ್ಷೆಯನ್ನು ಮರಳಿ ಜೋಡಿಸುವುದು ಸುಳ್ಳಾಗುವುದು ಹೇಗೆ? ಬೇರೆಯವರ ಮತದ ಬಗ್ಗೆ ಅನೇಕಾಂತವನ್ನು ಉಪದೇಶಿಸುವ ನಾವು, ಹದಿನಾರರ ಮಗುವೊಂದು ತನ್ನ ಮೇಲೆಯೇ ಏಕಾಂತದ ತೀರ್ಪು ಬರೆದುಕೊಳ್ಳುವಾಗ ಗಮನಿಸದೆ ಹೋಗುತ್ತೇವೆ.

ಒಂದು ಮಾತು. ಹೀಗೆಂದ ಮಾತ್ರಕ್ಕೆ ಈ ಚಿಕಿತ್ಸೆಯೆಲ್ಲ ನಮ್ಮ ಆಚಾರ್ಯರಿಗೆ ಮೊದಲೇ ಗೊತ್ತಿತ್ತೆಂದು ಹೆಮ್ಮೆಪಡಲು ನನಗೆ ಮನಸ್ಸಿಲ್ಲ. ಬೆಕ್ ತಮ್ಮ ಋಣವನ್ನು ಹೇಳಿಕೊಂಡದ್ದು ಗ್ರೀಸ್, ರೋಮಿನ ಸ್ಟೋಯಿಕ್ ತತ್ತ್ವಜ್ಞಾನಿಗಳಿಗೆ. ಸ್ಯಾದ್ವಾದ ಹುಟ್ಟಿದ್ದು ಖಿನ್ನತೆಗೆ ಔಷಧವಾಗಿ ಅಲ್ಲ. ನಮ್ಮದಲ್ಲದ ಶ್ರಮವನ್ನು ನಮ್ಮದೆನ್ನುವುದೂ ಅಸತ್ಯವೇ.

ಇನ್ನು ಕರ್ಮದ ಮಾತು. ಮಗುವಿಗೆ ಜ್ವರ ಬಂದರೆ ‘ಅಸಾತಾವೇದನೀಯದ ಉದಯ’ ಎಂದು ಯಾವ ತಂದೆಯೂ ಕೈಕಟ್ಟಿ ಕುಳಿತಿದ್ದನ್ನು ನಾನು ಕಾಣೆ. ಮಾತ್ರೆ ತರಲು ಓಡುತ್ತಾನೆ. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನೂ ಅಭಯದಾನವನ್ನೂ ಎಣಿಸಿದ ಸಮಾಜ ಮನಸ್ಸಿನ ಕಾಯಿಲೆಗೆ ಮಾತ್ರ ಕರ್ಮಸಿದ್ಧಾಂತವನ್ನು ಅಡ್ಡ ಹಿಡಿಯುವುದು ಸಿದ್ಧಾಂತದ ಮೇಲಿನ ಶ್ರದ್ಧೆಯಿಂದಲ್ಲ. ನಾಲ್ಕು ಜನ ಏನೆಂದಾರು, ನಾಳೆ ಸಂಬಂಧ ಕೂಡೀತೆ ಎಂಬ ಅಂಜಿಕೆಯಿಂದ. ಇದಕ್ಕಿಂತ ಕಠಿಣವಾದುದೊಂದಿದೆ. ಇಷ್ಟವಿಯೋಗ, ಅನಿಷ್ಟಸಂಯೋಗ, ವೇದನೆ, ನಿದಾನಗಳೆಂಬ ನಾಲ್ಕು ಬಗೆಯ ಆರ್ತಧ್ಯಾನವನ್ನು ತಿಳಿದ ಮನೆಯ ಹಿರಿಯರು, ಅಳುವ ಮಗುವಿಗೆ ‘ಹೀಗೆ ಚಿಂತಿಸಿದರೆ ಪಾಪಬಂಧ’ ಎಂದುಬಿಡುತ್ತಾರೆ. ದುಃಖದ ಮೇಲೆ ಅಪರಾಧಭಾವದ ಹೊರೆಯೂ ಬೀಳುತ್ತದೆ. ಸ್ವಾಧ್ಯಾಯದಲ್ಲಿ ನಮ್ಮನ್ನು ನಾವು ನೋಡಿಕೊಳ್ಳಲು ಇರುವ ಮಾತು, ಮಗುವಿನ ಬೆನ್ನಿಗೆ ಚಾಟಿಯಾಗಬಾರದು. ಹಾಗೆಯೇ, ದಿನದಿನಕ್ಕೆ ಕೃಶವಾಗುತ್ತ, ಏಕಾಶನ ಉಪವಾಸಗಳನ್ನು ಒಂದರ ಮೇಲೊಂದು ಹಿಡಿಯುವ ಹದಿಹರೆಯದ ಹುಡುಗಿಯನ್ನು ಎಲ್ಲರ ಮುಂದೆ ಪ್ರಶಂಸಿಸುವ ಮುನ್ನ, ಅವಳು ಬಿಡುತ್ತಿರುವುದು ಆಹಾರದ ಮೋಹವನ್ನೋ ಬದುಕುವ ಇಚ್ಛೆಯನ್ನೋ ಎಂದು ತಾಯಿಯಾದವಳು ಏಕಾಂತದಲ್ಲಿ ವಿಚಾರಿಸುವುದು ಒಳಿತು.

ಆದರೆ ಮಗುವಿನ ಕಹಿ ಯೋಚನೆ ಪರೀಕ್ಷೆಗೆ ನಿಂತು ನಿಜವೆಂದೇ ತೀರ್ಮಾನವಾದರೆ? ಈ ಚಿಕಿತ್ಸೆಯ ನೈತಿಕ ತೊಡಕು ನಿಜವಾಗಿ ಇರುವುದು ಇಲ್ಲಿ. 2015ರಲ್ಲಿ ಕಬ್ಬಿನ ಬಾಕಿ ಮತ್ತು ಸಾಲದ ನಡುವೆ ಮಂಡ್ಯ ಜಿಲ್ಲೆಯ ಎಷ್ಟೋ ರೈತರು ಪ್ರಾಣ ಕಳೆದುಕೊಂಡ ವರ್ಷ ನಮಗೆ ಮರೆತಿಲ್ಲ. ಅಂಥ ಮನೆಯ ಹುಡುಗ ‘ನಮ್ಮ ಸಾಲ ತೀರುವುದಿಲ್ಲ’ ಎಂದು ಬರೆದರೆ ಅದು ಯೋಚನೆಯ ದೋಷವಲ್ಲ, ಲೆಕ್ಕ. ಕುಡಿದು ಬಂದು ಹೊಡೆಯುವ ತಂದೆಯ ಭಯ ಭ್ರಮೆಯಲ್ಲ. ಜಾತಿ ಹಿಡಿದು ಹಂಗಿಸುವ ಸಹಪಾಠಿಗಳನ್ನು ಹುಡುಗಿಯೊಬ್ಬಳು ಕಲ್ಪಿಸಿಕೊಂಡಿಲ್ಲ. ಬಲ್ಲ ಚಿಕಿತ್ಸಕರು ಇಲ್ಲಿ ಯೋಚನೆಯನ್ನು ತಿದ್ದಲು ಹೋಗುವುದಿಲ್ಲ. ಸಮಸ್ಯೆಯನ್ನು ಬಿಡಿಸಿ ಅದರಲ್ಲಿ ಯಾವುದು ಯಾರ ಕೈಯಲ್ಲಿದೆ ಎಂದು ನೋಡುತ್ತಾರೆ. ‘ಸಾಲವಿದೆ’ ಎಂಬುದು ನಿಜ. ‘ಆದ್ದರಿಂದ ನಾನು ಮನೆಗೆ ಭಾರ’ ಎಂಬುದನ್ನು ಮಾತ್ರ ಪ್ರಶ್ನಿಸಬಹುದು. ಉಳಿದದ್ದು ಹಿರಿಯರ ಪಾಲಿನ ಕೆಲಸ. ಹೊಡೆತ ನಿಲ್ಲಿಸದೆ ಹೊಡೆಸಿಕೊಂಡ ಮಗುವಿಗೆ ಸಹನೆ ಕಲಿಸಲು ಚಿಕಿತ್ಸಕರ ಬಳಿಗೆ ಕಳಿಸಿದರೆ ಅದು ಅನ್ಯಾಯ. ಮಕ್ಕಳ ಸಹಾಯವಾಣಿ 1098 ಇರುವುದು ಇದಕ್ಕಾಗಿಯೇ.

ಫಲದ ವಿಷಯದಲ್ಲಿಯೂ ಅತಿಶಯೋಕ್ತಿ ಬೇಡ. ಅಮೆರಿಕದಲ್ಲಿ ಖಿನ್ನತೆಯಿದ್ದ 439 ಹದಿಹರೆಯದವರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ, ಹನ್ನೆರಡು ವಾರಗಳ ಕೊನೆಗೆ, ಈ ಚಿಕಿತ್ಸೆಯೊಂದನ್ನೇ ಪಡೆದವರಲ್ಲಿ ಸುಧಾರಿಸಿದವರು ನೂರಕ್ಕೆ 43. ಫ್ಲುಯೊಕ್ಸೆಟಿನ್ ಮಾತ್ರೆಯೊಂದನ್ನೇ ಪಡೆದವರಲ್ಲಿ 61. ಎರಡನ್ನೂ ಪಡೆದವರಲ್ಲಿ 71. ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿಯೂ 35. ಒಂಬತ್ತು ತಿಂಗಳ ಹೊತ್ತಿಗೆ ಮೂರೂ ಚಿಕಿತ್ಸೆಗಳ ಫಲ ಹತ್ತಿರ ಹತ್ತಿರ ಬಂದಿತ್ತು. ಅಂದರೆ ತೀವ್ರವಾದ ಖಿನ್ನತೆಯಿದ್ದಾಗ ನೋಟ್‌ಬುಕ್ಕನ್ನೇ ನಂಬಿ ಮಾತ್ರೆಯನ್ನು ತಿರಸ್ಕರಿಸುವುದೂ ಒಂದು ಏಕಾಂತವೇ. ಯಾವುದು ಬೇಕೆಂದು ಹೇಳಬೇಕಾದವರು ಮನೋವೈದ್ಯರು. ನಾನಲ್ಲ, ಪಕ್ಕದ ಮನೆಯವರೂ ಅಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ, 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ 7.3 ಮಂದಿಗೆ ಮಾನಸಿಕ ತೊಂದರೆಯಿದೆಯೆಂದು ತಿಳಿಸಿತು. ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು. ನನ್ನ ಮೂವತ್ತು ವರ್ಷಗಳಿಗೆ ಇದನ್ನು ಗುಣಿಸಿ ನೋಡಲು ನನಗೆ ಧೈರ್ಯವಾಗಲಿಲ್ಲ. ಇವರೆಲ್ಲ ಹೋಗಬೇಕಾದುದೆಲ್ಲಿಗೆ? ಶ್ರೀರಂಗಪಟ್ಟಣದವರಿಗೆ ಮೈಸೂರು ಹತ್ತಿರ. ನಾಗಮಂಗಲದ ಕಡೆಯವರಿಗೆ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಪಾಂಡವಪುರ, ಕೃಷ್ಣರಾಜಪೇಟೆಯವರು ಮಂಡ್ಯಕ್ಕೋ ಮೈಸೂರಿಗೋ ಬಸ್ಸು ಹತ್ತಬೇಕು. ಔಷಧವನ್ನು ತಿಂಗಳಿಗೊಮ್ಮೆ ತರಬಹುದು. ಈ ಚಿಕಿತ್ಸೆಗೆ ವಾರವಾರವೂ ಹೋಗಬೇಕು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ತಾಯಿ ಮಗಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಕೂಲಿಯ ಚಿಂತೆ ತಪ್ಪಲಿಲ್ಲ. ಹೊರಡಲು ಆಗದ ರಾತ್ರಿಗಳಲ್ಲಿ, ಸಾಯುವ ಮಾತು ಮಗುವಿನ ಬಾಯಲ್ಲಿ ಬಂದಾಗ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ನಮ್ಮ ವಿದ್ಯಾರ್ಥಿನಿಲಯದ ಊಟದ ಮನೆಯ ಗೋಡೆಯ ಮೇಲೆ ಬರೆಸಬೇಕೆಂದಾಗ, ‘ನೋಡಿದವರು ಇಲ್ಲಿ ಹುಚ್ಚರಿದ್ದಾರೆಂದುಕೊಂಡಾರು’ ಎಂಬ ಆಕ್ಷೇಪ ಬಂತು. ಎರಡು ಸಭೆಗಳು ಅದರಲ್ಲಿಯೇ ಕಳೆದವು. ಮೂರನೆಯದರಲ್ಲಿ ಬರೆಸಿದೆವು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಲಹೆಗಾರರೊಬ್ಬರಾದರೂ ಇರಬೇಕೆಂದು 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ನಮ್ಮಲ್ಲಿ ಇರುವವರು ನಲವತ್ತೇ ಮಕ್ಕಳೆಂದು ಟ್ರಸ್ಟಿನವರು ನಿಟ್ಟುಸಿರು ಬಿಟ್ಟರೆ ಅದು ಕಾನೂನಿನ ಲೆಕ್ಕ ಮಾತ್ರ. ಬಸದಿಯ ಜೀರ್ಣೋದ್ಧಾರಕ್ಕೆ ಚಂದಾ ಎತ್ತಬಲ್ಲ ನಾವು, ವಾರಕ್ಕೊಮ್ಮೆ ಒಬ್ಬ ಹುಡುಗನನ್ನು ಮಂಡ್ಯಕ್ಕೆ ಕರೆದೊಯ್ದು ತರುವ ಖರ್ಚನ್ನು ಹೊರಲಾರೆವೆ?

ಆ ತಾಯಿ ಕಳೆದ ತಿಂಗಳು ಮತ್ತೆ ಸಿಕ್ಕಿದ್ದರು. ಮಗಳು ಮಂಡ್ಯಕ್ಕೆ ಹದಿನಾಲ್ಕು ವಾರ ಹೋಗಿಬಂದಳು. ಮೊದಲ ಆರು ತಿಂಗಳು ಮಾತ್ರೆಯೂ ಇತ್ತು. ದ್ವಿತೀಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಹೋಯಿತು. ಪರೀಕ್ಷೆ-2ರಲ್ಲಿ ಮತ್ತೆ ಬರೆಯುತ್ತಾಳಂತೆ. ಇದನ್ನೆಲ್ಲ ಹೇಳಿ, ದನಿ ತಗ್ಗಿಸಿ, “ಆ ನೋಟ್‌ಬುಕ್ಕು ದಿಂಬಿನ ಕೆಳಗೇ ಇರುತ್ತೆ ಮೇಷ್ಟ್ರೇ. ನಮ್ಮ ಬಗ್ಗೆ ಏನು ಬರೆದಿದಾಳೋ? ಒಂದು ಸಲ ನೋಡಿಬಿಡಲಾ?” ಎಂದರು.

ಪ್ರಾಣಕ್ಕೆ ಅಪಾಯವಿದೆಯೆಂದು ಕಂಡರೆ ಚಿಕಿತ್ಸಕರೇ ತಂದೆತಾಯಿಗೆ ತಿಳಿಸುತ್ತಾರೆ, ಆ ಮಾತನ್ನು ಮೊದಲ ದಿನವೇ ಮಗುವಿಗೂ ಹೇಳಿರುತ್ತಾರೆ ಎಂದು ಅವರಿಗೆ ವಿವರಿಸಿದೆ. ಉಳಿದಂತೆ, ಕೊಡದೇ ಇರುವುದನ್ನು ತೆಗೆದುಕೊಳ್ಳುವುದಕ್ಕೆ ನಮ್ಮಲ್ಲಿ ಅದತ್ತಾದಾನವೆಂಬ ಹೆಸರಿದೆಯಲ್ಲವೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಹೆತ್ತ ಮಗಳದೂ ಅದತ್ತವೇನು?” ಎಂದು ಕೇಳಿದರು.

ಹೌದೆಂದೆ. ಅವರಿಗೆ ಅದು ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಈವರೆಗೆ ಆ ಪುಸ್ತಕವನ್ನು ತೆರೆದಿಲ್ಲವೆಂದು ಮೊನ್ನೆ ಫೋನಿನಲ್ಲಿ ಹೇಳಿದರು.