ಬಂಗಲೆಯ ಋಣ

ವೈಟ್‌ಫೀಲ್ಡಿನ ಇನ್ನರ್ ಸರ್ಕಲ್ಲಿಗೆ ಹಳೆಯ ಮನೆಗಳನ್ನು ನೋಡಲೆಂದು ಬರುವವರ ಕಿವಿಗೆ ಮೊದಲು ಬೀಳುವುದು ಒಂದು ಪ್ರೇಮಕಥೆ. ವೇವರ್ಲಿ ಇನ್ ಎಂಬ ಹೋಟೆಲು ನಡೆಸುತ್ತಿದ್ದ ಜೇಮ್ಸ್ ಹ್ಯಾಮಿಲ್ಟನ್ ಅವರಿಗೆ ರೋಸ್ ಎಂಬ ಮಗಳಿದ್ದಳಂತೆ. ಬೆಂಗಳೂರು ದಂಡಿನಲ್ಲಿದ್ದ ಯುವ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ಅವಳನ್ನು ಕಾಣಲೆಂದೇ ಇಲ್ಲಿಯವರೆಗೆ ಬರುತ್ತಿದ್ದರಂತೆ. ಚರ್ಚಿಲ್ 1896ರಲ್ಲಿ ಬೆಂಗಳೂರಿಗೆ ಬಂದಿದ್ದು ನಿಜ. ಆದರೆ ತಮ್ಮ ಯೌವನದ ದಿನಗಳ ಬಗ್ಗೆ ಅವರೇ ಬರೆದು 1930ರಲ್ಲಿ ಪ್ರಕಟಿಸಿದ ‘ಮೈ ಅರ್ಲಿ ಲೈಫ್’ ಪುಸ್ತಕದಲ್ಲಿ ರೋಸ್ ಹ್ಯಾಮಿಲ್ಟನ್ ಹೆಸರು ಎಲ್ಲೂ ಇಲ್ಲ. ಆದರೂ ಕಥೆ ಸಾಯುವುದಿಲ್ಲ. ದೊಡ್ಡವರೊಬ್ಬರ ಹೆಸರು ಅಂಟಿದರೆ ಮಾತ್ರ ಹಳೆಯ ಮನೆಗೆ ಬೆಲೆ ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ.

ಅದೇ ಪುಸ್ತಕದಲ್ಲಿ ಇನ್ನೊಂದು ವಿವರವಿದೆ. ಬೆಂಗಳೂರಿನಲ್ಲಿ ಚರ್ಚಿಲ್ ಮತ್ತಿಬ್ಬರು ಅಧಿಕಾರಿಗಳ ಜೊತೆ ಒಂದು ಬಂಗಲೆಯಲ್ಲಿದ್ದರು. ಒಬ್ಬೊಬ್ಬರಿಗೂ ಒಬ್ಬ ಬಟ್ಲರ್, ಬಟ್ಟೆ ತೊಡಿಸುವ ಹುಡುಗರು, ಪ್ರತಿ ಕುದುರೆಗೂ ಒಬ್ಬ ಲಾಯದ ಆಳು. ಇಷ್ಟು ಸಾಲದೆಂದು ಮನೆಗೆಲ್ಲ ಸೇರಿ ಇಬ್ಬರು ಮಾಲಿಗಳು, ನೀರು ಹೊರುವ ಮೂವರು ಭಿಸ್ತಿಗಳು, ನಾಲ್ವರು ಅಗಸರು, ಒಬ್ಬ ಕಾವಲುಗಾರ. ಲೆಕ್ಕ ಇಷ್ಟು ಖಚಿತವಾಗಿದೆ; ಒಬ್ಬರ ಹೆಸರೂ ಇಲ್ಲ. ಇನ್ನೊಂದು ಲೆಕ್ಕ ಬೆಂಗಳೂರು ಕ್ಲಬ್ಬಿನ ಹಳೆಯ ಪುಸ್ತಕದಲ್ಲಿದೆ. 1899ರ ಜೂನ್ 1ರ ಆ ಪುಟದಲ್ಲಿ, ವಸೂಲಾಗದ ಬಾಕಿಗಳ ಸಾಲಿನಲ್ಲಿ, ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಎಂದು ಬರೆದಿದೆ. ಕ್ಲಬ್ಬು ಆ ಪುಟವನ್ನು ಇಂದಿಗೂ ಜೋಪಾನ ಮಾಡಿದೆ. ಹದಿಮೂರು ರೂಪಾಯಿ ಬಾಕಿ ಉಳಿಸಿಕೊಂಡವರ ಹೆಸರು ಲೋಕಕ್ಕೆಲ್ಲ ಗೊತ್ತು. ಅವರಿಗಾಗಿ ದಿನವೂ ನೀರು ಹೊತ್ತ ಮೂವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಇಲ್ಲಿ ಏಳುವ ಪ್ರಶ್ನೆ ಇತಿಹಾಸಕ್ಕಿಂತ ಹೆಚ್ಚಾಗಿ ಧರ್ಮಕ್ಕೆ ಸೇರಿದ್ದು. ರಕ್ತಸಂಬಂಧವಿಲ್ಲದ, ಜಾತಿ, ಮತ, ಭಾಷೆ ಎಲ್ಲ ಬೇರೆಯಾದ ಸತ್ತವರಿಗೆ ಬದುಕಿರುವವರು ಏನಾದರೂ ಸಲ್ಲಿಸಬೇಕೆ? ಅವರು ಬಿಟ್ಟುಹೋದ ನೆಲದ ಮೇಲೆ ಮನೆ ಕಟ್ಟಿ, ಸಂಬಳ ಎಣಿಸಿ, ಮಕ್ಕಳನ್ನು ಬೆಳೆಸುವವರಿಗೆ ಅವರ ಋಣವೆಂಬುದು ಇದೆಯೆ?

ವೈಟ್‌ಫೀಲ್ಡಿನಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಊರಿನ ಹೆಸರೇ ಒಬ್ಬ ಮನುಷ್ಯನದು. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್ ಅವರದು ಒಂದೇ ಹಟ. ತಮ್ಮ ಸಮುದಾಯ ಸರ್ಕಾರಿ ನೌಕರಿಯ ದಾರಿ ಕಾಯುತ್ತ ಕೂರಬಾರದು, ಸ್ವಂತ ನೆಲದಲ್ಲಿ ಬೇಸಾಯ ಮಾಡಿ ಬದುಕಬೇಕು. ಆ ಊರಿನ ಮಧ್ಯದಲ್ಲಿ ದುಂಡನೆಯ ಮೈದಾನ, ಅದರ ಸುತ್ತ ರಸ್ತೆ, ರಸ್ತೆಯ ಅಂಚಿಗೆ ತೋಟವಿರುವ ಮನೆಗಳು. ಹಂಚಿನ ಮಾಡು, ಜಗಲಿ, ಕಿಟಕಿಯ ಮೇಲೆ ‘ಮಂಕಿ ಟಾಪ್’ ಎಂದು ಬೆಂಗಳೂರಿನವರು ಕರೆಯುವ ಮರದ ಚೂಪು ಮುಸುಕು. ಒಂದು ಶತಮಾನದ ನಂತರ, 1990ರ ದಶಕದಲ್ಲಿ, ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಬಂತು. 2023ರ ಮಾರ್ಚ್ 25ರಂದು ಕಾಡುಗೋಡಿಯವರೆಗೆ ಮೆಟ್ರೊ ಓಡಿತು. ಈ ನಡುವೆ ಇನ್ನರ್ ಸರ್ಕಲ್ಲಿನ ಬಂಗಲೆಗಳು ಒಂದೊಂದಾಗಿ ನೆಲಸಮವಾದವು. ಉಳಿದ ಕೆಲವು ಖಾಸಗಿ ಗೇಟುಗಳ ಹಿಂದಿವೆ.

ಹೀಗಾಗಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕುಟುಂಬವೊಂದು ವಿಕ್ಟೋರಿಯಾ ರಾಣಿಯ ಕಾಲದ ಮನೆಯ ಒಳಗನ್ನು ನೋಡಬೇಕೆಂದರೆ ರಜೆಯ ದಿನ ಪಟ್ಟಣದೊಳಕ್ಕೆ, ವಸಂತನಗರದ ಬೆಂಗಳೂರು ಅರಮನೆಗೆ ಹೋಗುತ್ತದೆ. ಟಿಕೆಟ್ ಕೊಂಡು, ಧ್ವನಿ ಮಾರ್ಗದರ್ಶಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೋಣೆಯಿಂದ ಕೋಣೆಗೆ ನಡೆಯುತ್ತದೆ. ಮಹಡಿಯ ದರ್ಬಾರ್ ಹಾಲ್, ಬಣ್ಣದ ಗಾಜಿನ ಕಿಟಕಿಗಳು, ಹೆಂಗಸರು ಮರೆಯಲ್ಲಿ ಕೂತು ಸಭೆ ನೋಡಲೆಂದು ಮಾಡಿದ ಪರದೆ, ಕೆಳಗಿನ ಅಂಗಳದಲ್ಲಿ ನೀಲಿ ಹಂಚು ಹಾಸಿದ ಕಲ್ಲಿನ ಆಸನಗಳು. ಮಕ್ಕಳು ಆನೆಯ ಕಾಲಿನಿಂದ ಮಾಡಿದ ಪೀಠದ ಮುಂದೆ ನಿಂತು ಬಿಡುತ್ತಾರೆ. ಆ ಪೀಠದ ಮುಂದೆ ಮೂಡುವ ಸಂಕಟ ಒಳ್ಳೆಯದೇ. ಅದನ್ನು ಮಕ್ಕಳಿಂದ ಮರೆಸಬಾರದು.

ಈ ಅರಮನೆಯ ಹುಟ್ಟಿನಲ್ಲೇ ಧರ್ಮಜಿಜ್ಞಾಸೆಯ ಒಂದು ಎಳೆ ಇದೆ. ಮೊದಲು ಇದು ರೆವರೆಂಡ್ ಜೆ. ಗ್ಯಾರೆಟ್ ಅವರ ಸ್ವತ್ತು. ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಯ ಮೊದಲ ಮುಖ್ಯಸ್ಥರು ಅವರು. ಹತ್ತು ವರ್ಷದ ಬಾಲಕ ಚಾಮರಾಜೇಂದ್ರರಿಗಾಗಿ 1873ರಲ್ಲಿ ಅವರ ಪೋಷಕರಾಗಿದ್ದ ಬ್ರಿಟಿಷ್ ಅಧಿಕಾರಿಗಳು ಅದನ್ನು ಕೊಂಡರು. ಗ್ಯಾರೆಟ್ ವೆಸ್ಲಿಯನ್ ಮಿಷನ್ನಿನ ಪಾದ್ರಿ. ಆದರೆ 1849ರಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಸೇರಿಸಿ ಬೆಂಗಳೂರಿನ ಮಿಷನ್ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿದವರು ಇವರೇ. ಪರಧರ್ಮದ ಗ್ರಂಥಕ್ಕೆ ದುಡಿದ ಈ ಪಾದ್ರಿಗೆ ಕನ್ನಡದ ಓದುಗರು ಋಣಿಗಳಲ್ಲವೆ? ಹೌದೆಂದರೆ, ಋಣ ಜಾತಿ ಮತದ ಬೇಲಿಯನ್ನು ಆಗಲೇ ದಾಟಿ ಹೋಗಿದೆ.

ಅರಮನೆಯ ಒಡೆತನದ ಬಗ್ಗೆ 1996ರಲ್ಲಿ ರಾಜ್ಯ ಸರ್ಕಾರ ಒಂದು ಸ್ವಾಧೀನ ಕಾಯ್ದೆಯನ್ನೇ ತಂದಿತು; ವ್ಯಾಜ್ಯ ದಶಕಗಳಿಂದ ನಡೆದಿದೆ. ಯಾರ ಸ್ವತ್ತು ಎಂಬುದನ್ನು ನ್ಯಾಯಾಲಯ ಹೇಳಬಹುದು. ಯಾರ ಋಣ ಎಂಬುದನ್ನು ಹೇಳಲು ಬೇರೆ ಕಡೆ ಹೋಗಬೇಕು.

ತೈತ್ತಿರೀಯ ಸಂಹಿತೆ ಮೂರು ಋಣಗಳನ್ನು ಹೇಳುತ್ತದೆ: ಋಷಿಗಳದು, ದೇವತೆಗಳದು, ಪಿತೃಗಳದು. ಉಪನ್ಯಾಸಗಳಲ್ಲಿ ನಾವು ಕೇಳುವುದು ಹೆಚ್ಚಾಗಿ ಇದನ್ನೇ. ಶತಪಥ ಬ್ರಾಹ್ಮಣದ ಮೊದಲ ಕಾಂಡ ಇನ್ನೊಂದನ್ನು ಸೇರಿಸುತ್ತದೆ. ಅದು ಮನುಷ್ಯರ ಋಣ. ಅದನ್ನು ತೀರಿಸುವ ಬಗೆಯನ್ನೂ ಅಲ್ಲೇ ಹೇಳಿದೆ: ಬಂದವರಿಗೆ ಇರಲು ಜಾಗ ಕೊಡುವುದು, ತಿನ್ನಲು ಅನ್ನ ಕೊಡುವುದು. ಈ ಋಣಕ್ಕೆ ಕುಲಗೋತ್ರದ ಮಿತಿ ಇಲ್ಲ, ಮನುಷ್ಯನಾಗಿ ಹುಟ್ಟಿದ್ದೇ ಸಾಕು. ಹೀಗೆ ನೋಡಿದರೆ ಮನೆ ಎಂಬುದು ಕೇವಲ ಆಸ್ತಿಯಲ್ಲ, ಋಣ ತೀರಿಸುವ ಸಾಧನ. ಒಂದು ಮನೆ ದೊಡ್ಡದೋ ಅಲ್ಲವೋ ಎಂದು ಅಳೆಯಬೇಕಾದ್ದು ಅದರ ಕಂಬ, ಕಿಟಕಿಗಳಿಂದಲ್ಲ, ಅದು ಯಾರಿಗೆ ನೆರಳು ಕೊಟ್ಟಿತು ಎಂಬುದರಿಂದ. ಅಡುಗೆಯವನು ಆ ಮನೆಯ ಯಾವ ಮೂಲೆಯಲ್ಲಿ ಮಲಗುತ್ತಿದ್ದ ಎಂಬ ಪ್ರಶ್ನೆ ದರ್ಬಾರ್ ಹಾಲಿನ ಉದ್ದಗಲಕ್ಕಿಂತ ದೊಡ್ಡ ಪ್ರಶ್ನೆ.

ಪಿತೃಋಣವೂ ನಾವು ಅಂದುಕೊಂಡಷ್ಟು ಇಕ್ಕಟ್ಟಾದದ್ದಲ್ಲ. ಮಹಾಲಯದ ತರ್ಪಣ ತಂದೆ, ತಾತಂದಿರಿಗೆ ನಿಲ್ಲುವುದಿಲ್ಲ. ಗುರು, ಶಿಷ್ಯ, ಆಪ್ತರು ಆ ಸಾಲಿನಲ್ಲಿ ಬರುತ್ತಾರೆ. ಕೊನೆಗೆ ತಂದೆ, ತಾಯಿ, ಬಂಧು ಎಂದು ಹೇಳಿಕೊಳ್ಳಲು ಯಾರೂ ಇಲ್ಲದವರಿಗೂ ನೀರು ಬಿಡುತ್ತಾರೆ. ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಅದೇ ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಬಾಳೆಯೆಲೆಯ ಮೇಲೆ ತೀರಿಕೊಂಡವರಿಗೆ ಇಷ್ಟವಾಗಿದ್ದ ಅಡುಗೆ. ಕೆಲವೇ ವಾರಗಳ ಅಂತರದಲ್ಲಿ, ನವೆಂಬರ್ 2ರಂದು, ಕ್ರೈಸ್ತರು ಸಮಾಧಿಗಳನ್ನು ತೊಳೆದು ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಎರಡು ಆಚರಣೆಗಳ ತತ್ತ್ವಶಾಸ್ತ್ರ ಬೇರೆ. ಸತ್ತವರ ಹೆಸರು ಹೇಳುವುದು ಬದುಕಿದವರ ಕೆಲಸ ಎಂಬಲ್ಲಿ ಎರಡೂ ಒಂದೇ.

ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿನಲ್ಲಿ ಇದಕ್ಕೆ ಕಲ್ಲಿನ ಸಾಕ್ಷಿ ಇದೆ. ನಾಗೇಶ್ವರ ದೇವಾಲಯದ ಆವರಣದಲ್ಲಿ ಸಿಕ್ಕ ಗಂಗರ ಕಾಲದ ಶಾಸನ, ಸುಮಾರು ಕ್ರಿ.ಶ. 890ರದು, ಬೆಂಗಳೂರು ಎಂಬ ಹೆಸರು ಕಾಣುವ ಅತಿ ಹಳೆಯ ಬರಹ. ಅದು ಹೇಳುವುದು ರಾಜನ ವೈಭವವನ್ನಲ್ಲ. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಕಡೆಯವನೊಬ್ಬ ಸತ್ತದ್ದನ್ನು ಅವನ ಹೆಸರು ಹಿಡಿದು ಹೇಳುತ್ತದೆ. ಒಡೆಯನಿಗಾಗಿ ಸತ್ತ ಆಳಿನ ಹೆಸರನ್ನು ಸಾವಿರದ ನೂರು ವರ್ಷಗಳ ಹಿಂದೆ ಕಲ್ಲಿಗೆ ಹಾಕಿದ ನಾಡು ಇದು. ಹನ್ನೆರಡನೆಯ ಶತಮಾನದ ಶರಣರು ಇನ್ನೂ ಮುಂದೆ ಹೋದರು. ಬಸವಣ್ಣನವರ ಬಳಿ ಎಲೆ ಅಡಿಕೆಯ ಚೀಲ ಹಿಡಿದಿದ್ದವರು ಹಡಪದ ಅಪ್ಪಣ್ಣನೆಂದೇ ವಚನಕಾರರ ಸಾಲಿಗೆ ಬಂದರು. ಕಸ ಗುಡಿಸುವ ಕಾಯಕದ ಸತ್ಯಕ್ಕನ ವಚನಗಳನ್ನು ಇಂದು ವಿಶ್ವವಿದ್ಯಾಲಯಗಳಲ್ಲಿ ಓದಿಸುತ್ತಾರೆ. ಕೆಲಸ ಅವರ ಹೆಸರನ್ನು ಅಳಿಸಲಿಲ್ಲ, ಹೆಸರಿನ ಭಾಗವೇ ಆಯಿತು.

ವೇಲ್ಸ್‌ನ ಎರ್ಡಿಗ್ ಎಂಬ ದೊಡ್ಡ ಮನೆಯನ್ನು ಇಲ್ಲಿ ನೆನೆಯಬೇಕು. ಅಲ್ಲಿಯ ಯಾರ್ಕ್ ಮನೆತನದವರು ಹದಿನೆಂಟನೆಯ ಶತಮಾನದಿಂದಲೇ ತಮ್ಮ ಆಳುಗಳ ಚಿತ್ರ ಬರೆಸಿ, ಪ್ರತಿಯೊಬ್ಬರ ಬಗ್ಗೆ ಪದ್ಯ ಕಟ್ಟಿ ಗೋಡೆಗೆ ಹಾಕುತ್ತಿದ್ದರು. 1973ರಲ್ಲಿ ಮನೆ ನ್ಯಾಷನಲ್ ಟ್ರಸ್ಟಿನ ಕೈಗೆ ಬಂತು, 1977ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬಂದವರನ್ನು ಮುಂಬಾಗಿಲಿನಿಂದ ಒಳಗೆ ಬಿಡದೆ ಲಾಯ, ಬಟ್ಟೆ ಒಗೆಯುವ ಮನೆ, ಅಡುಗೆಮನೆಯ ಕಡೆಯಿಂದ ಕರೆದೊಯ್ಯುವ ಕ್ರಮ ಮಾಡಿದರು. ಮೊದಲು ದುಡಿದವರು, ಆಮೇಲೆ ಒಡೆಯರು. ದಾರಿಯನ್ನು ತಿರುಗಿಸಿದ್ದಷ್ಟಕ್ಕೇ ಆ ಮನೆಯ ಅರ್ಥ ಬದಲಾಯಿತು. ನಮ್ಮ ಹಳೆಯ ಬಂಗಲೆ, ಅರಮನೆಗಳಲ್ಲಿ ಇದನ್ನು ಮಾಡಲು ಯಾವ ಅಡ್ಡಿಯೂ ಇಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ವೈರಾಗ್ಯದ ಭಾಷೆಯಲ್ಲಿ: ಎಲ್ಲವೂ ಅನಿತ್ಯ, ಮನೆ ಬೀಳುವುದೇ ಸಹಜ, ಇಟ್ಟಿಗೆ ಗಾರೆಯ ಮೋಹವೇಕೆ? ಮಾತು ದೊಡ್ಡದು, ಆದರೆ ಹೇಳುವವರು ಯಾರೆಂದು ನೋಡಬೇಕು. ತನ್ನ ಮನೆಯ ಮೇಲಿನ ಮೋಹ ಬಿಟ್ಟವನು ವಿರಾಗಿ. ಬೇರೆಯವರ ಮನೆ ಕೆಡವಿ, ಆ ನಿವೇಶನದ ಮೇಲೆ ಹದಿನೈದು ಮಹಡಿ ಎಬ್ಬಿಸಿ, ಅನಿತ್ಯದ ಮಾತಾಡುವುದು ವೈರಾಗ್ಯವಲ್ಲ. ಅಲ್ಲಿ ಬಿಟ್ಟದ್ದು ಪರರ ನೆನಪನ್ನು, ಹಿಡಿದದ್ದು ನೆಲವನ್ನು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಇವು ಆಳಿದವರ ಮನೆಗಳು, ಅವರ ಋಣ ನಮಗೇಕೆ ಎಂಬುದು ಅದು. ಅರಮನೆಗೂ ದಂಡಿನ ಬಂಗಲೆಗೂ ಈ ಮಾತಿನಲ್ಲಿ ಸತ್ಯವಿದೆ, ಅದನ್ನು ಮಾರ್ಗದರ್ಶಿಗಳು ಮುಚ್ಚಿಡಬಾರದು. ಆದರೆ ವೈಟ್‌ಫೀಲ್ಡಿನ ಆಂಗ್ಲೋ-ಇಂಡಿಯನ್ನರು ಆಳಿದವರಲ್ಲ. ಇಂಗ್ಲಿಷರು ಅವರನ್ನು ತಮ್ಮವರೆನ್ನಲಿಲ್ಲ, ಊರಿನವರೂ ಪೂರ್ತಿ ತಮ್ಮವರೆನ್ನಲಿಲ್ಲ. ಸ್ವತಂತ್ರ ಭಾರತದ ಸಂವಿಧಾನ ಅವರನ್ನು ಹೆಸರು ಹಿಡಿದು ಗುರುತಿಸಿತು. ಲೋಕಸಭೆಗೆ ಇಬ್ಬರನ್ನು, ನಮ್ಮ ವಿಧಾನಸಭೆಗೆ ಒಬ್ಬರನ್ನು ನಾಮನಿರ್ದೇಶನ ಮಾಡುವ ಪದ್ಧತಿ ಇತ್ತು. 104ನೆಯ ತಿದ್ದುಪಡಿಯ ನಂತರ, 2020ರ ಜನವರಿಯಲ್ಲಿ ಅದೂ ಮುಗಿಯಿತು. ಹೇಳಿಕೊಳ್ಳಲು ಬಂಧುಗಳಿಲ್ಲದವರಿಗೆ ನೀರು ಬಿಡುವ ಸಂಪ್ರದಾಯ ಇಂಥವರನ್ನಲ್ಲದೆ ಇನ್ನಾರನ್ನು ನೆನೆಯಬೇಕು? ಆ ಮನೆಗಳಲ್ಲಿ ಪಾತ್ರೆ ತೊಳೆದವರು, ತೋಟ ಅಗೆದವರು ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿಯಂಥ ಸುತ್ತಲ ಊರುಗಳ ಕನ್ನಡ, ತೆಲುಗು, ತಮಿಳಿನವರಲ್ಲದೆ ಬೇರೆ ಯಾರಾಗಿರಲು ಸಾಧ್ಯ? ಬಂಗಲೆಯನ್ನು ‘ಅವರದು’ ಎಂದು ತಳ್ಳಿದರೆ ನಮ್ಮವರ ದುಡಿಮೆಯನ್ನೂ ಜೊತೆಗೇ ತಳ್ಳಿದಂತೆ.

ಇದು ಸತ್ತವರ ಮಾತಷ್ಟೇ ಅಲ್ಲ. ಇಂದು ಇದೇ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟು, ವಿಲ್ಲಾಗಳಿಗೆ ಬೆಳಗ್ಗೆ ಆರಕ್ಕೆ ರಾಯಚೂರು, ಯಾದಗಿರಿ, ಬಂಗಾಳ, ಒಡಿಶಾದಿಂದ ಬಂದ ಹೆಂಗಸರು ಮನೆಗೆಲಸಕ್ಕೆ ಬರುತ್ತಾರೆ. ಗೇಟಿನಲ್ಲಿ ಅವರ ಗುರುತು ಮೊಬೈಲ್ ಆ್ಯಪಿನಲ್ಲಿ ದಾಖಲಾಗುತ್ತದೆ. ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದು ನಿಮಿಷದ ಲೆಕ್ಕದಲ್ಲಿ. ಚರ್ಚಿಲ್ಲರ ಪುಸ್ತಕದಂತೆಯೇ ಲೆಕ್ಕ ಪಕ್ಕಾ. ಹಲವು ಕಡೆ ಅವರಿಗೆ ಕೂರಲು ಜಾಗವಿಲ್ಲ, ಲಿಫ್ಟು ಬೇರೆ, ಕುಡಿಯುವ ಲೋಟ ಬೇರೆ. ಮನುಷ್ಯರ ಋಣವನ್ನು ಇರುವ ಜಾಗದಿಂದ, ಅನ್ನದಿಂದ ಅಳೆದ ಗ್ರಂಥ ಇಂಥ ಮನೆಯನ್ನು ಸಾಲದ ಮನೆ ಎಂದೇ ಎಣಿಸುತ್ತದೆ. ನೂರು ವರ್ಷ ಹಿಂದಿನ ಬಟ್ಲರನ ಹೆಸರು ಹುಡುಕುವ ಊರು ಇಂದಿನ ಮನೆಗೆಲಸದವಳ ಹೆಸರನ್ನೂ ಕೇಳಲು ಕಲಿಯುತ್ತದೆ ಎಂಬುದೇ ಈ ಬರಹದ ನಂಬಿಕೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಇನ್ನರ್ ಸರ್ಕಲ್ಲಿನಲ್ಲಿ ಉಳಿದಿರುವ ಬಂಗಲೆಗಳ ಮಾಲೀಕರು ವರ್ಷದಲ್ಲಿ ಒಂದೆರಡು ದಿನವಾದರೂ ಗೇಟು ತೆರೆಯಲಿ, ಹಿತ್ತಿಲಿನಿಂದಲೇ ನೋಟ ಶುರುವಾಗಲಿ. ವೈಟ್‌ಫೀಲ್ಡಿನ ಹಳೆಯ ಚರ್ಚುಗಳ ಜನನ, ಮದುವೆ, ಮರಣದ ದಾಖಲೆ ಪುಸ್ತಕಗಳಲ್ಲಿರುವ ಹೆಸರುಗಳನ್ನು ಪ್ರತಿ ಮಾಡಿಸಲಿ. ಸುತ್ತಲ ಹಳ್ಳಿಗಳ ಹಿರಿಯರು ಬಂಗಲೆ ಕೆಲಸದ ಬಗ್ಗೆ ತಮ್ಮ ಅಜ್ಜ, ಅಜ್ಜಿಯರಿಂದ ಕೇಳಿದ್ದನ್ನು ಈಗಲೇ ಧ್ವನಿಮುದ್ರಿಸಿಕೊಳ್ಳಬೇಕು. ಹತ್ತು ವರ್ಷ ಬಿಟ್ಟರೆ ಹೇಳುವವರು ಸಿಗುವುದಿಲ್ಲ. ಇದಕ್ಕೆ ಬೇಕಾದ ಹಣ ವೈಟ್‌ಫೀಲ್ಡಿನ ಕಂಪನಿಗಳ ಸಾಮಾಜಿಕ ಹೊಣೆಯ ನಿಧಿಯಲ್ಲಿದೆ, ಬೇಕಾದ ಕೈಚಳಕ ಇಲ್ಲಿನ ಎಂಜಿನಿಯರುಗಳಲ್ಲಿದೆ. ಮುಂದಿನ ಮಹಾಲಯ ಅಮಾವಾಸ್ಯೆಗೆ ಊರಿಗೆ ಹೊರಡುವ ಮುನ್ನ ವೈಟ್‌ಫೀಲ್ಡಿನ ಓದುಗರು ಒಮ್ಮೆ ಇನ್ನರ್ ಸರ್ಕಲ್ ಸುತ್ತಿ ಬರಲಿ. ತಾವಿರುವ ಬೀದಿಯಲ್ಲಿ ಮೊದಲು ಯಾರಿದ್ದರು ಎಂದು ಅಲ್ಲಿಯ ಹಳಬರೊಬ್ಬರನ್ನು ಕೇಳಲಿ.