ಮನೆಯಲ್ಲಿ ಮಾತು, ಶಾಲೆಯಲ್ಲಿ ಮೌನ



ದೆಕಪೊಲಿ ಪ್ರಾಂತ್ಯದಲ್ಲಿ ಮಾತು ಬಾರದ ಕಿವುಡನೊಬ್ಬನನ್ನು ಜನರು ಯೇಸುಸ್ವಾಮಿಯ ಬಳಿಗೆ ಕರೆತಂದ ಪ್ರಸಂಗ ನಿಮಗೆ ಗೊತ್ತು (ಮಾರ್ಕ 7:31-37). ಸ್ವಾಮಿ ಮೊದಲು ಮಾಡಿದ್ದೇನು? ಅವನನ್ನು ಗುಂಪಿನಿಂದ ಆಚೆಗೆ, ಒಂಟಿಯಾಗಿ ಕರೆದೊಯ್ದರು. ನಾವಾಗಿದ್ದರೆ ಎಲ್ಲರೆದುರು ನಿಲ್ಲಿಸಿ "ಹೇಳು, ಹೇಳು" ಎನ್ನುತ್ತಿದ್ದೆವು.

ಮನೆಯಲ್ಲಿ ಅಜ್ಜಿಯೊಡನೆ ಅರಳು ಹುರಿದಂತೆ ಮಾತನಾಡುವ ಕೆಲವು ಮಕ್ಕಳು ಶಾಲೆಯ ಹೊಸಿಲು ದಾಟಿದೊಡನೆ ತುಟಿ ಬಿಚ್ಚುವುದಿಲ್ಲ. ಹಾಜರಿ ಕೂಗಿದರೂ ಉತ್ತರವಿಲ್ಲ. ನಾವು ಅಂಥವರನ್ನು ಹಟಮಾರಿ, ಮೂಕಬಸವ ಎನ್ನುತ್ತೇವೆ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತೇವೆ. ದೋಷ ನಾಲಿಗೆಯಲ್ಲಿಲ್ಲ. ಇದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಎಂದು ಹೆಸರು. ವೈದ್ಯರೂ ಹಿಂದೆ ಇದನ್ನು ಮಗು ತಾನಾಗಿ ಆರಿಸಿಕೊಂಡ ಮೌನವೆಂದೇ ತಿಳಿದಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಆತಂಕದ ಕಾಯಿಲೆಗಳ ಸಾಲಿಗೆ ಸೇರಿಸಿತು. ಮಗು ಮಾತನಾಡಲೊಲ್ಲದು ಎಂದಲ್ಲ, ಭಯದಿಂದ ಗಂಟಲು ಕಟ್ಟುತ್ತದೆ.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಒಂದು ಎಚ್ಚರಿಕೆ ಬೇಕು. ಇಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಶಾಲೆಯ ಕನ್ನಡ ಕಿವಿಗೆ ಬೀಳುತ್ತಿರುವಾಗ ಮಗು ಕೆಲಕಾಲ ಸುಮ್ಮನಿರುವುದು ಸಹಜ, ಅದು ಕಾಯಿಲೆಯಲ್ಲ. ಆದರೆ ತೆಲುಗು ಬಲ್ಲ ಗೆಳತಿಯೊಡನೆಯೂ ಶಾಲೆಯಲ್ಲಿ ಮಾತಿಲ್ಲ, ತಿಂಗಳುಗಳು ಕಳೆದರೂ ಹಾಗೆಯೇ ಎಂದಾದರೆ ತಡಮಾಡಬೇಡಿ.

ಚಿಕಿತ್ಸೆ ನಿಧಾನದ್ದು. ಶಾಲೆ ಬಿಟ್ಟ ಮೇಲೆ ಖಾಲಿ ಕೊಠಡಿಯಲ್ಲಿ ತಾಯಿ ಮಗುವಿನೊಡನೆ ಆಡುತ್ತಾಳೆ, ಮಗು ಮಾತನಾಡುತ್ತದೆ. ಟೀಚರ್ ಮೊದಲ ದಿನ ಬಾಗಿಲಾಚೆ, ಆಮೇಲೆ ಬಾಗಿಲಲ್ಲಿ, ಮತ್ತೊಂದು ದಿನ ಮೂಲೆಯಲ್ಲಿ ಪುಸ್ತಕ ನೋಡುತ್ತಾ ಕೂರುತ್ತಾರೆ. ಕ್ರಮೇಣ ಆಟಕ್ಕೆ ಸೇರುತ್ತಾರೆ, ತಾಯಿ ಹಿಂದೆ ಸರಿಯುತ್ತಾಳೆ. ತಲೆಯಾಡಿಸಿದರೂ ಸಾಕು, ನಂತರ ಪಿಸುಮಾತು, ನಂತರ ಒಂದು ಪದ. "ಬಾಳೆಹಣ್ಣೋ, ಕಡಲೆಕಾಯೋ?" ಎಂದು ಕೇಳಿ ಐದು ಸೆಕೆಂಡು ಕಾಯಿರಿ. ತಾಯಂದಿರಿಗೆ ಕಷ್ಟವಾಗುವುದು ಇದೇ ಐದು ಸೆಕೆಂಡು! ಮಗು ಮೊದಲ ಪದ ಆಡಿದಾಗ ತರಗತಿಯಿಂದ ಚಪ್ಪಾಳೆ ಹೊಡೆಸಬೇಡಿ. ಮತ್ತೆ ಬಾಯಿ ಮುಚ್ಚೀತು.

ಇನ್ನು ನಮ್ಮ ಧರ್ಮೋಪದೇಶ ತರಗತಿ. ಜಪಗಳನ್ನು ಎಲ್ಲರೆದುರು ಒಪ್ಪಿಸಲಿಲ್ಲವೆಂದು ಪ್ರಥಮ ಪರಮಪ್ರಸಾದವನ್ನು ಮುಂದಕ್ಕೆ ಹಾಕುವುದು ನ್ಯಾಯವೇ? ಪರಮಪ್ರಸಾದಕ್ಕೆ ಬೇಕಾದದ್ದು ತಿಳಿವು ಮತ್ತು ಸಿದ್ಧತೆ. ಅದನ್ನು ಮನೆಯಲ್ಲಿ, ತಾಯಿಯ ಮುಂದೆಯೂ ಪರೀಕ್ಷಿಸಬಹುದು. ಪಾಪನಿವೇದನೆಗೆ ಬರೆದ ಚೀಟಿ, ತಲೆಯಾಡಿಸುವಿಕೆ ಸಾಲುತ್ತದೆಯೇ ಎಂದು ನಿಮ್ಮ ಗುರುಗಳನ್ನು ಮೊದಲೇ ಕೇಳಿಕೊಳ್ಳಿ. ದನಿಯಿಲ್ಲದೆ ತುಟಿಯಲುಗಿಸುತ್ತಿದ್ದ ಹನ್ನಳನ್ನು ಕುಡಿದವಳೆಂದು ತಿಳಿದವನು ಯಾಜಕ ಏಲಿಯೇ. ಅವಳ ಪ್ರಾರ್ಥನೆಯನ್ನು ದೇವರು ಕೇಳಿದ್ದರು.

ಯಾರಿಗೆ ತೋರಿಸಬೇಕು ಎಂದು ತಿಳಿಯದಿದ್ದರೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಉಚಿತವಾಗಿ ಸಲಹೆ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ. ಹೋಗುವಾಗ ಮಗು ಮನೆಯಲ್ಲಿ ಹರಟುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ. ವೈದ್ಯರೆದುರು ಅದು ಒಂದು ಮಾತನ್ನೂ ಆಡಲಾರದು.